ಎಂಟು ದಿನದಾಗ ಬರ್ತೀನಿ ಅಂದು ಹೋದ ಅವ್ವ

ಪ್ರಶ್ನೆ: ನಾನು ಮುಧೋಳ ತಾಲ್ಲೂಕಿನ ಒಂದು ಹಳ್ಳಿಯವನು. ವಯಸ್ಸು 36. ಕಬ್ಬಿನ ಸೀಸನ್‌ನಲ್ಲಿ ಬೇರೆಯವರ ಟ್ರ್ಯಾಕ್ಟರ್ ಓಡಿಸುತ್ತೇನೆ, ಉಳಿದ ದಿನ ಕೂಲಿ. ನನ್ನ ತಂಗಿಯ ಗಂಡ ಅವಳನ್ನು ಬಿಟ್ಟು ಹೋದ. ಮೂರು ವರ್ಷದ ಹಿಂದೆ ಅವಳು 5 ವರ್ಷದ ಮಗನನ್ನು ನಮ್ಮ ಮನೆಯಲ್ಲಿ ಬಿಟ್ಟು, "ಗೋವಾದಾಗ ಕೆಲಸ ಸಿಕ್ಕೈತಿ, ಎಂಟು ದಿನದಾಗ ಬಂದು ಕರ್ಕೊಂಡು ಹೋಗ್ತೀನಿ" ಅಂದು ಹೋದಳು. ಬರಲಿಲ್ಲ. ಅಲ್ಲಿ ಇನ್ನೊಂದು ಮದುವೆ ಆಗಿದೆ ಅಂತ ಆಮೇಲೆ ಗೊತ್ತಾಯಿತು. ಹುಡುಗನಿಗೆ ಈಗ 8 ವರ್ಷ. ಮೊದಲು ದಿನಾ ಅಳುತ್ತಿದ್ದ. ಈಗ ಅವ್ವನ ಹೆಸರೇ ಎತ್ತುವುದಿಲ್ಲ, ಮರೆತ ಅಂದುಕೊಂಡಿದ್ದೆವು. ಆದರೆ ಈಚೆಗೆ ನನ್ನ ಅಂಗಿ ಜೇಬಿನಿಂದ ಎರಡು ಸಲ ದುಡ್ಡು ತೆಗೆದಿದ್ದಾನೆ. ರೊಟ್ಟಿ ಒಯ್ದು ಜೋಳದ ಚೀಲದ ಹಿಂದೆ ಬಚ್ಚಿಡುತ್ತಾನೆ. ಶಾಲೆಯಲ್ಲಿ "ನಮ್ಮವ್ವ ಗೋವಾದಾಗ ದೊಡ್ಡ ಹೋಟೆಲ್ ಇಟ್ಟಾಳ" ಅಂದಿದ್ದಾನಂತೆ. ಹೋದ ತಿಂಗಳು ಸಂತೆಗೆ ಕರೆದುಕೊಂಡು ಹೋದಾಗ ಕಂಡಕ್ಟರ್‌ಗೆ "ಗೋವಾಕ್ಕ ಎಷ್ಟು ತಗೋತೀರಿ?" ಅಂತ ಕೇಳಿದ, ಎಲ್ಲರೂ ನಕ್ಕೆವು. ನಮ್ಮವ್ವ, "ಸತ್ತಾಳ ಅಂತ ಹೇಳಿಬಿಡು, ಒಂದ್ಸಲ ಅತ್ತು ಸುಮ್ಮನಾಗ್ತಾನ" ಅನ್ನುತ್ತಾಳೆ. ನಮಗೂ 6 ವರ್ಷದ ಮಗಳಿದ್ದಾಳೆ, ನನ್ನ ಹೆಂಡತಿಗೂ ಸಾಕಾಗಿದೆ. ಈಗ 14 ತಿಂಗಳ ಮೇಲೆ ತಂಗಿ ಫೋನ್ ಮಾಡಿ ಪಂಚಮಿಗೆ ಬರ್ತೀನಿ ಅಂದಿದ್ದಾಳೆ. ಹೊಸ ಗಂಡನಿಗೆ ಮಗ ಇರುವುದೇ ಗೊತ್ತಿಲ್ಲವಂತೆ. ಬರಲು ಬಿಡಬೇಕಾ? ಹುಡುಗನಿಗೆ ಏನು ಹೇಳಬೇಕು? ಕೇಸು ಹಾಕು ಅಂತ ಕೆಲವರು, ಹಾಸ್ಟೆಲ್‌ಗೆ ಹಾಕು ಅಂತ ಕೆಲವರು. ದಾರಿ ತೋರಿಸಿ.

ಉತ್ತರ: ನಿಮ್ಮ ಪತ್ರವನ್ನು ನಾಲ್ಕು ಸಲ ಓದಿದೆ. ಪಂಚಮಿ, ಕೇಸು, ಹಾಸ್ಟೆಲ್ ಎಲ್ಲಕ್ಕೂ ಆಮೇಲೆ ಬರುತ್ತೇನೆ. ಅದಕ್ಕೂ ಮೊದಲು ನೀವು ದೂರ ದೂರ ಬರೆದಿರುವ ಎರಡು ಸಂಗತಿಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. ಹುಡುಗ ಜೇಬಿನಿಂದ ದುಡ್ಡು ತೆಗೆದಿದ್ದಾನೆ. ಗೋವಾ ಬಸ್ಸಿಗೆ ಎಷ್ಟು ಅಂತ ಕಂಡಕ್ಟರ್‌ಗೆ ಕೇಳಿದ್ದಾನೆ. ಇದರ ಜೊತೆಗೆ ಮೂರನೆಯದನ್ನೂ ಸೇರಿಸಿ: ರೊಟ್ಟಿ ಕೂಡಿಡುತ್ತಿದ್ದಾನೆ. ಒಣಗಿದ ಕಟಕ್ ರೊಟ್ಟಿ ಎಷ್ಟೋ ದಿನ ಕೆಡುವುದಿಲ್ಲ, ದಾರಿಗೆ ಕಟ್ಟಿಕೊಳ್ಳುವ ಬುತ್ತಿ ಅಂದರೆ ಅದೇ ಅಲ್ವಾ?

ನನ್ನ ಊಹೆ ತಪ್ಪೂ ಇರಬಹುದು. ಆದರೆ ಈ ಹುಡುಗ ಅವ್ವನನ್ನು ಮರೆತಿಲ್ಲ. ಅವಳ ಹತ್ತಿರ ಹೋಗಲು ತಯಾರಿ ಮಾಡುತ್ತಿದ್ದಾನೆ ಅಂತ ನನಗೆ ಅನ್ನಿಸುತ್ತದೆ. 8 ವರ್ಷದ ಹುಡುಗ ಬೆಳಗಾವಿ ಬಸ್ಸು ಹತ್ತಿದರೆ, ಜೊತೆಗಿದ್ದವರ ಮಗ ಇರಬೇಕು ಅಂತ ಯಾರೂ ಕೇಳುವುದೂ ಇಲ್ಲ. ಹಾಗಾಗಿ ಇವತ್ತೇ ಅವನ ಹತ್ತಿರ ಕೂತು ಮಾತಾಡಿ. ಬೈಯಬೇಡಿ, ಜೇಬು ತಡಕಬೇಡಿ. "ನಿಮ್ಮವ್ವನ್ನ ನೋಡಬೇಕು ಅನಸ್ತೈತೇನೋ? ಅನಿಸಿದ್ರ ನನಗ ಹೇಳು. ಒಬ್ಬನ ಹೋಗಬ್ಯಾಡ. ಹೋಗೂದಾದ್ರ ನಾನೂ ನಿನ್ನ ಜೋಡಿ ಬರ್ತೀನಿ" ಅನ್ನಿ. ನಿಮ್ಮ ಫೋನ್ ನಂಬರನ್ನು ಅವನಿಗೆ ಬಾಯಿಪಾಠ ಮಾಡಿಸಿ. ಶಾಲೆಯ ಗುರುಗಳಿಗೆ ಒಂದು ಮಾತು ಹೇಳಿಡಿ. ಯಾವತ್ತಾದರೂ ಹೇಳದೇ ಮನೆಯಿಂದ ಹೋಗಿಬಿಟ್ಟರೆ, ಸಂಜೆಯವರೆಗೆ ಕಾಯದೆ ಪೊಲೀಸರಿಗೆ ಮತ್ತು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ದುಡ್ಡು ತೆಗೆದದ್ದು ತಪ್ಪಲ್ಲವಾ ಅಂತ ನೀವು ಕೇಳಬಹುದು. ತಪ್ಪೇ. ಕೇಳದೆ ತೆಗೆಯಬಾರದು ಅಂತ ಒಂದು ಸಲ ಸ್ಪಷ್ಟವಾಗಿ ಹೇಳಿ, ಬಿಟ್ಟುಬಿಡಿ. ಕಳ್ಳ ಅನ್ನುವ ಮಾತು ಮಾತ್ರ ಮನೆಯಲ್ಲಿ ಯಾರ ಬಾಯಿಂದಲೂ ಬರಕೂಡದು.

ಈಗ ರೊಟ್ಟಿಯ ಮಾತು. ನಿಮ್ಮ ಮನೆಯಾಕೆಗೆ ಇದು ನೋವು ಕೊಟ್ಟಿರಬೇಕು. ದಿನಾ ಬೆಳಗ್ಗೆ ಬಡಿದು ಬಡಿದು ರೊಟ್ಟಿ ಮಾಡಿ ಹಾಕುವವಳು ಅವಳು, ಅವನು ಚೀಲದ ಹಿಂದೆ ಬಚ್ಚಿಟ್ಟರೆ "ನಾನೇನು ಉಪವಾಸ ಕೆಡವೀನೇನು?" ಅನ್ನಿಸದೇ ಇರುತ್ತದಾ? ಅವಳಿಗೆ ನನ್ನ ಪರವಾಗಿ ಹೇಳಿ: ಇದು ಅವಳ ಕೈಯ ಅನ್ನದ ಮೇಲಿನ ಅಪನಂಬಿಕೆ ಅಲ್ಲ. ಒಮ್ಮೆ ಆಸರೆ ತಪ್ಪಿದ ಮಕ್ಕಳು ತಿನ್ನುವುದನ್ನು ಬಚ್ಚಿಡುವುದು ನಾವು ಬಹಳ ಕಡೆ ನೋಡುವ ಸಂಗತಿ. ಹೊಟ್ಟೆ ತುಂಬಿದ್ದರೂ ಬಚ್ಚಿಡುತ್ತವೆ. ನಾಳೆಯ ಮೇಲೆ ಭರವಸೆ ಇರುವುದಿಲ್ಲ, ಅದಕ್ಕೆ. ವಿಜಯಪುರದಲ್ಲಿ ನಾನು ನೋಡಿದ ಒಬ್ಬ ಹುಡುಗಿ ದಿಂಬಿನ ಗವಸಿನೊಳಗೆ ಬೆಲ್ಲದ ಚೂರು ಇಡುತ್ತಿದ್ದಳು. ಇರುವೆ ಮುತ್ತಿ ಮೈಯೆಲ್ಲ ಕಚ್ಚಿದರೂ ಬಿಡಲಿಲ್ಲ. ಅವಳ ಅಜ್ಜಿ ಬೈಯುವುದನ್ನು ನಿಲ್ಲಿಸಿ ಒಂದು ಸ್ಟೀಲ್ ಡಬ್ಬಿ ಕೊಟ್ಟಳು. "ಇದು ನಿಂದು. ಖಾಲಿ ಆದ್ರ ಹೇಳು, ತುಂಬತೀನಿ" ಅಂದಳು. ಮೊದಲ ವಾರ ಆ ಹುಡುಗಿ ದಿನಕ್ಕೆ ಹತ್ತು ಸಲ ಮುಚ್ಚಳ ತೆಗೆದು ನೋಡುತ್ತಿದ್ದಳು. ಮೂರು ತಿಂಗಳಿಗೆ ಡಬ್ಬಿಯಲ್ಲಿ ಗೋಟಿ ಮತ್ತು ಹೇರ್‌ಪಿನ್ನು ತುಂಬಿದ್ದವು.

ನೀವೂ ಹಾಗೆ ಮಾಡಿ. ಒಂದು ಡಬ್ಬಿ, ಅವನ ಹೆಸರಿನದು. ಎರಡು ರೊಟ್ಟಿ, ಒಂದಿಷ್ಟು ಶೇಂಗಾ, ಒಂದು ಉಂಡಿ. ಮಗಳಿಗೂ ಅಂಥದ್ದೇ ಒಂದು ಕೊಡಿ, ಇಲ್ಲದಿದ್ದರೆ ಅಲ್ಲಿ ಇನ್ನೊಂದು ಜಗಳ ಹುಟ್ಟುತ್ತದೆ.

"ಮೊದಲು ಅಳುತ್ತಿದ್ದ, ಈಗ ಹೆಸರೇ ಎತ್ತುವುದಿಲ್ಲ" ಅಂತ ಬರೆದಿದ್ದೀರಿ. ಈ ಒಂದು ಸಾಲಿನಲ್ಲಿ ಎಷ್ಟೋ ಮನೆಗಳು ಎಡವುತ್ತವೆ. 1950ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಜಾನ್ ಬೌಲ್ಬಿ ಎಂಬ ಮನೋವೈದ್ಯರು ಮತ್ತು ಅವರ ಜೊತೆಗಾರ ಜೇಮ್ಸ್ ರಾಬರ್ಟ್‌ಸನ್, ತಾಯಿಯಿಂದ ದೂರ ಉಳಿದ ಚಿಕ್ಕ ಮಕ್ಕಳನ್ನು ಆಸ್ಪತ್ರೆಗಳಲ್ಲಿ ಕೂತು ಗಮನಿಸಿದರು. ಮಕ್ಕಳು ಮೊದಲು ಅತ್ತು ಕರೆದು ರಂಪ ಮಾಡುತ್ತಿದ್ದರು. ಆಮೇಲೆ ಕುಗ್ಗಿ ಮೂಲೆ ಸೇರುತ್ತಿದ್ದರು. ಅದಾದ ಮೇಲೆ ತಾಯಿ ಬೇಡವೇ ಬೇಡ ಅನ್ನುವ ಹಾಗೆ ಆಟ ಆಡಿಕೊಂಡು ಇರುತ್ತಿದ್ದರು. ನರ್ಸ್‌ಗಳು "ಹೊಂದಿಕೊಂಡಿತು" ಅನ್ನುತ್ತಿದ್ದರು. ಅದು ಹೊಂದಿಕೊಂಡದ್ದಲ್ಲ, ನೋವನ್ನು ಒಳಗೆ ತಳ್ಳಿ ಬಾಗಿಲು ಹಾಕಿಕೊಂಡದ್ದು ಅಂತ ಇವರಿಬ್ಬರು ಹೇಳಿದರು. ನಿಮ್ಮ ಹುಡುಗನ ಮೌನವೂ ಅಂಥದ್ದೇ. ಜೊತೆಗೆ ಇನ್ನೊಂದು ಕಾರಣ ಇರಬಹುದು: ಅವ್ವನ ಮಾತು ತೆಗೆದರೆ ಅಜ್ಜಿಯ ಮುಖ ಗಂಟಾಗುತ್ತದೆ, ನೀವು ಎದ್ದು ಹೊರಗೆ ಹೋಗುತ್ತೀರಿ ಅನ್ನುವುದು ಅವನಿಗೆ ಗೊತ್ತಾಗಿದೆ. ಅನ್ನ ಹಾಕುವವರಿಗೆ ಬೇಜಾರು ಮಾಡಬಾರದು ಅಂತ ಅವನು ಸುಮ್ಮನಿದ್ದಾನೆ.

ಅಜ್ಜಿ "ಸತ್ತಾಳ ಅಂತ ಹೇಳು" ಅನ್ನುವುದು ಸಿಟ್ಟಿನ ಮಾತು. ಅದರ ಕೆಳಗೆ ಎಂಥ ಸಂಕಟ ಇದೆ ಅಂತ ನನಗೆ ಅರ್ಥವಾಗುತ್ತದೆ. ಹೋದವಳು ಆಕೆಯ ಹೊಟ್ಟೆಯಲ್ಲಿ ಹುಟ್ಟಿದ ಮಗಳು. ಊರವರು ಕೇಳುವ ಪ್ರಶ್ನೆಗೆಲ್ಲ ತಲೆ ತಗ್ಗಿಸಿ ನಿಲ್ಲುವವಳೂ ಆಕೆಯೇ. ಆದರೂ ನಾನು ಇಲ್ಲಿ ಗಟ್ಟಿಯಾಗಿ ಹೇಳುತ್ತೇನೆ: ಆ ಸುಳ್ಳನ್ನು ಯಾವ ಕಾರಣಕ್ಕೂ ಹೇಳಬೇಡಿ. ತಂಗಿ ಫೋನ್ ಮಾಡುತ್ತಾಳೆ, ಊರಿನಲ್ಲಿ ನೂರು ಬಾಯಿ ಇವೆ, ಇವತ್ತಲ್ಲ ನಾಳೆ ಅವನಿಗೆ ನಿಜ ತಿಳಿಯುತ್ತದೆ. ಆ ದಿನ ಅವನು ಅವ್ವನ ಜೊತೆ ನಿಮ್ಮನ್ನೂ ಕಳೆದುಕೊಳ್ಳುತ್ತಾನೆ. ಈಗ ಅವನಿಗೆ ಇರುವ ಆಸ್ತಿ ಅಂದರೆ ನೀವು ಮೂವರೇ.

ಸತ್ತರೆ ಒಂದು ಲೆಕ್ಕ ಮುಗಿಯುತ್ತದೆ ಅನ್ನುವ ಅಜ್ಜಿಯ ಅನುಭವದಲ್ಲಿ ಒಂದು ಸತ್ಯವೂ ಇದೆ, ಅದನ್ನು ಹೇಳದೆ ಬಿಡಬಾರದು. ಸಾವಿಗೆ ಮಣ್ಣು ಇದೆ, ದಿನ ಇದೆ, ಬಂದು ಕೂತು ಅಳುವ ಬಂಧುಗಳಿದ್ದಾರೆ. ಬದುಕಿದ್ದೂ ಬಾರದವಳಿಗೆ ಏನು ಮಾಡುವುದು? ಅಳುವುದಾ, ಕಾಯುವುದಾ? ಅಮೆರಿಕದ ಪಾಲಿನ್ ಬಾಸ್ ಎಂಬ ಸಂಶೋಧಕಿ 1970ರ ದಶಕದಿಂದ ಇಂಥ ಕೊನೆ ಕಾಣದ ಅಗಲಿಕೆಯ ಮೇಲೇ ಕೆಲಸ ಮಾಡಿದ್ದಾರೆ. ಹೋದವರು ಇದ್ದಾರೋ ಇಲ್ಲವೋ ಅಂತ ತೀರ್ಮಾನವಾಗದ ನೋವು ಸಾವಿಗಿಂತ ಬೇರೆ ತರಹದ್ದು, ಅದು ತಾನಾಗಿ ಮುಗಿಯುವುದಿಲ್ಲ ಅನ್ನುತ್ತಾರೆ ಅವರು. ಮುಗಿಸಲು ಹೋಗುವುದಕ್ಕಿಂತ ಅದರ ಜೊತೆ ಬದುಕಲು ಕಲಿಸಬೇಕು.

ನನಗೆ ಎಲ್ಲಕ್ಕಿಂತ ಜಾಸ್ತಿ ಕಾಡುವುದು ಬೇರೆ. ಅವ್ವ ಹೋದಾಗ ಅವನಿಗೆ 5 ವರ್ಷ. ಆ ವಯಸ್ಸಿನ ಮಕ್ಕಳು ಜಗತ್ತಿನಲ್ಲಿ ನಡೆಯುವುದೆಲ್ಲ ತಮ್ಮಿಂದಲೇ ಅಂದುಕೊಳ್ಳುತ್ತಾರೆ. ಅವ್ವ ಹೋಗುವ ದಿನ ಹಠ ಮಾಡಿರುತ್ತಾನೆ, ಅಥವಾ ಚಡ್ಡಿ ಒದ್ದೆ ಮಾಡಿಕೊಂಡಿರುತ್ತಾನೆ, ಅಥವಾ ಅವಳು ಕರೆದಾಗ ಆಟ ಬಿಟ್ಟು ಬಂದಿರುವುದಿಲ್ಲ. ಸಾಕು, ಅದೇ ಕಾರಣ ಆಗಿಬಿಡುತ್ತದೆ. ದೊಡ್ಡವರು ಯಾರೂ ಏನೂ ಹೇಳದಿದ್ದರೆ ಮಗು ತಾನೇ ಒಂದು ಕಥೆ ಕಟ್ಟಿಕೊಳ್ಳುತ್ತದೆ. ಆ ಕಥೆಯಲ್ಲಿ ತಪ್ಪು ಯಾವಾಗಲೂ ಅದರದೇ. ಇಷ್ಟು ವರ್ಷ ಈ ಕೆಲಸ ಮಾಡಿದ್ದೇನೆ, ಬಿಟ್ಟು ಹೋದ ತಾಯಿಯನ್ನೋ ತಂದೆಯನ್ನೋ ಮೊದಲ ದಿನವೇ ಬೈದ ಚಿಕ್ಕ ಮಗುವನ್ನು ನಾನು ನೋಡಿಲ್ಲ. ಎಲ್ಲರೂ ತಮ್ಮನ್ನೇ ಬೈದುಕೊಳ್ಳುತ್ತಾರೆ.

ಹಾಗಾದರೆ ಏನು ಹೇಳಬೇಕು? ಎದುರು ಕೂರಿಸಿಕೊಂಡು ಗಂಭೀರವಾಗಿ ಹೇಳಲು ಹೋಗಬೇಡಿ, ಹುಡುಗ ಹೆದರುತ್ತಾನೆ. ಶೇಂಗಾ ಬಿಡಿಸುತ್ತಾ, ಹೊಲದ ಬದುವಿನ ಮೇಲೆ ನಡೆಯುತ್ತಾ, ಗಾಡಿ ಒರೆಸುತ್ತಾ ಹೇಳಿ. ಕೈಗೆ ಕೆಲಸ ಇದ್ದು ಕಣ್ಣಿಗೆ ಕಣ್ಣು ಕೂಡದಿದ್ದರೆ ಗಂಡು ಹುಡುಗರು ಬೇಗ ಬಾಯಿ ಬಿಡುತ್ತಾರೆ. ಮಾತು ನಿಮ್ಮದೇ ಇರಲಿ, ಸಾರ ಇಷ್ಟು:

"ನಿಮ್ಮವ್ವ ಗೋವಾದಾಗ ಅದಾಳ. ಆಕಿ ಹೋಗಿದ್ದು ನೀ ಏನೋ ಮಾಡಿದಿ ಅಂತ ಅಲ್ಲ. ನೀ ಹಠಾ ಮಾಡಿದಿ ಅಂತಾನೂ ಅಲ್ಲ. ಅದು ದೊಡ್ಡವರ ತಾಪತ್ರಯ. ನಿನ್ನ ಜ್ವಾಕಿ ಮಾಡೂವಷ್ಟು ಆಕಿ ಕಡೆ ಆಗಲಿಲ್ಲ. ಎಂಟು ದಿನದಾಗ ಬರ್ತೀನಿ ಅಂದಿದ್ಲು, ಬರಲಿಲ್ಲ, ಅದು ಆಕಿ ತಪ್ಪು. ಮುಂದ ಬಂದು ಕರ್ಕೊಂಡು ಹೋಗ್ತಾಳೋ ಇಲ್ಲೋ ನನಗ ಗೊತ್ತಿಲ್ಲ. ಗೊತ್ತಾದ್ರ ನಿನಗ ಮೊದಲ ಹೇಳ್ತೀನಿ. ಆದ್ರ ನೀ ಇರೂದು ಇಲ್ಲೇ, ಇದು ನಿನ್ನ ಮನಿ."

ಹೊಸ ಮದುವೆಯ ವಿಷಯ ಇವತ್ತೇ ಬೇಡ. ಆದರೆ ಅವನೇ ಕೇಳಿದರೆ ಇಲ್ಲ ಅನ್ನಬೇಡಿ. ಮಗು ಎಷ್ಟು ಕೇಳುತ್ತದೋ ಅಷ್ಟಕ್ಕೆ ಉತ್ತರ. ಒಂದು ಸಲ ಹೇಳಿದರೆ ಮುಗಿಯಿತು ಅಂತಲೂ ತಿಳಿಯಬೇಡಿ. ಅವನಿಗೆ ಹತ್ತು ವರ್ಷ ಆದಾಗ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಬರುತ್ತದೆ. ಮೀಸೆ ಚಿಗುರುವ ಹೊತ್ತಿಗೆ ಸಿಟ್ಟಾಗಿ ಬರುತ್ತದೆ, ಆ ಸಿಟ್ಟು ಅವ್ವನ ಬದಲು ನಿಮ್ಮ ಮೇಲೆ ಬೀಳುತ್ತದೆ. ಕೈಗೆ ಸಿಗುವವರು ನೀವೇ ಅಲ್ವಾ?

ಅಜ್ಜಿಗೆ ಒಂದು ವಿನಂತಿ. ಹುಡುಗನ ಎದುರು ಮಗಳನ್ನು ಬೈಯುವುದು ಬೇಡ. ಬೈಯಲೇಬೇಕಾದರೆ ಅವನು ಶಾಲೆಗೆ ಹೋದಾಗ ಬೈದು ಹಗುರಾಗಲಿ. "ಥೇಟ್ ನಿಮ್ಮವ್ವನಂಗ ಅದಿ ನೋಡು" ಅನ್ನುವ ಮಾತನ್ನಂತೂ ಬಿಟ್ಟೇ ಬಿಡಬೇಕು. ಅವ್ವ ಕೆಟ್ಟವಳು, ನಾನು ಅವ್ವನಂತೆ, ಹಾಗಾದರೆ ನಾನೂ ಕೆಟ್ಟವನು. ಇಷ್ಟು ಲೆಕ್ಕ ಮಾಡಲು ಮೂರನೇ ಕ್ಲಾಸಿನ ಹುಡುಗನಿಗೆ ಬರುತ್ತದೆ.

ಹೋಟೆಲ್ಲಿನ ಸುಳ್ಳು ನನಗೆ ದೊಡ್ಡದಾಗಿ ಕಾಣುವುದಿಲ್ಲ. ಸುತ್ತಲೂ ಹುಡುಗರು "ನಿಮ್ಮವ್ವ ಎಲ್ಲಿ?" ಅಂತ ಕೇಳುತ್ತಾರೆ. ಹೇಳಲು ಅವನ ಹತ್ತಿರ ಬೇರೆ ಮಾತಿಲ್ಲ. ಅವನಿಗೆ ಒಂದು ನಿಜವಾದ, ಮರ್ಯಾದೆ ಉಳಿಯುವ ವಾಕ್ಯ ಕೊಡಿ: "ನಮ್ಮವ್ವ ಗೋವಾದಾಗ ಇರ್ತಾಳ, ನಾ ನಮ್ಮ ಮಾಮಾನ ಮನ್ಯಾಗ ಇರ್ತೀನಿ." ಅಷ್ಟೇ. ಇಬ್ಬರೂ ಸೇರಿ ಎರಡು ಸಲ ಹೇಳಿ ನೋಡಿ. ಸುಳ್ಳಿನ ಹಂಗು ತಾನಾಗಿ ಬಿಡುತ್ತದೆ.

ಇನ್ನು ನೀವೇ ಮಾಡಬೇಕಾದ್ದು. ನನ್ನ ಉತ್ತರದಲ್ಲಿ ಒಂದೇ ಒಂದನ್ನು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ಈ ಹುಡುಗನಿಗೆ ಮುರಿದಿರುವುದು ಒಂದು ಮಾತು: "ಎಂಟು ದಿನದಾಗ ಬರ್ತೀನಿ." ಬರ್ತೀನಿ ಅಂದವರು ಬರುವುದಿಲ್ಲ ಅಂತ ಅವನು ಕಲಿತಿದ್ದಾನೆ. ನೀವು ಅದನ್ನು ದಿನಾ ಸ್ವಲ್ಪ ಸ್ವಲ್ಪ ತಿದ್ದಬೇಕು. ಬುದ್ಧಿಮಾತಿನಿಂದ ಇದು ಆಗುವುದಿಲ್ಲ. ಹೇಳಿದ ಹೊತ್ತಿಗೆ ಮನೆಗೆ ಬರುವುದರಿಂದ ಆಗುತ್ತದೆ.

ನಿಮ್ಮ ಕೆಲಸದಲ್ಲಿ ಅದು ಎಷ್ಟು ಕಷ್ಟ ಅಂತ ಗೊತ್ತು. ಸೀಸನ್ ಶುರುವಾದರೆ ಕಾರ್ಖಾನೆಯ ಯಾರ್ಡಿನಲ್ಲಿ ಟ್ರ್ಯಾಕ್ಟರ್ ಸಾಲು ನಿಲ್ಲುತ್ತದೆ, ನಿಮ್ಮ ಪಾಳಿ ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಹಾಗಿರುವಾಗ "ರಾತ್ರಿ ಬರ್ತೀನಿ" ಅಂತ ಸುಮ್ನೆ ಹೇಳಿ ಹೋಗಬೇಡಿ. "ಪಾಳಿ ಹತ್ತಿದ್ರ ಊಟಕ್ಕ ಬರ್ತೀನಿ, ಹತ್ತದಿದ್ರ ಎಂಟಕ್ಕ ಫೋನ್ ಮಾಡ್ತೀನಿ" ಅನ್ನಿ. ಎಂಟು ಗಂಟೆಗೆ ಫೋನ್ ಮಾಡಿ. ಎಂಟೂವರೆಗೆ ಅಲ್ಲ. ಫೋನಿನಲ್ಲಿ ಜಾಸ್ತಿ ಮಾತು ಬೇಕಾಗಿಲ್ಲ. "ಇನ್ನೂ ಹದಿನೈದು ಗಾಡಿ ಮುಂದ ಅದಾವ, ನೀ ಉಂಡು ಮಲಕೋ" ಅಂದರೆ ಸಾಕು. ನೂರು ಸಲ ಹೀಗೆ ಆದ ಮೇಲೆ ಒಂದು ದಿನ ಅವನು ಬಾಗಿಲು ನೋಡುವುದನ್ನು ಬಿಟ್ಟು ನಿದ್ದೆ ಮಾಡುತ್ತಾನೆ.

ಇದಕ್ಕೆಲ್ಲ ಅಷ್ಟು ಶಕ್ತಿ ಇದೆಯಾ ಅಂತ ಅನ್ನಿಸಬಹುದು. ಹವಾಯಿಯಲ್ಲಿ ಕವಾಯಿ ಎಂಬ ಒಂದು ದ್ವೀಪ ಇದೆ. ಅಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಎಂಬ ಮನೋವಿಜ್ಞಾನಿ ಮತ್ತು ಅವರ ತಂಡ 40 ವರ್ಷದವರೆಗೂ ಬೆನ್ನು ಹತ್ತಿ ನೋಡಿತು. ಆ ಮನೆಗಳ ಎಷ್ಟೋ ಹಿರಿಯರು ಕಬ್ಬಿನ ತೋಟದ ಕೂಲಿಗಳು. ಬಡತನ, ಕುಡಿತ, ಮುರಿದ ಸಂಸಾರಗಳ ನಡುವೆ ಬೆಳೆದ ಮಕ್ಕಳಲ್ಲಿ ಮೂರನೇ ಒಂದು ಪಾಲು ಗಟ್ಟಿಯಾಗಿ, ಪ್ರೀತಿಯುಳ್ಳವರಾಗಿ ಬೆಳೆದರು. ಅವರ ಬಾಲ್ಯದಲ್ಲಿ ಏನಿತ್ತು ಅಂತ ಹುಡುಕಿದಾಗ ಮತ್ತೆ ಮತ್ತೆ ಕಂಡದ್ದು ಒಂದು: ಕೈಬಿಡದ ಒಬ್ಬ ಮನುಷ್ಯ. ಅಪ್ಪ ಅವ್ವನೇ ಆಗಬೇಕು ಅಂತ ಇರಲಿಲ್ಲ. ಅಜ್ಜಿ, ಅಕ್ಕ, ನೆಂಟರು, ಯಾರಾದರೂ ಆಗಿತ್ತು.

ಅವನ ಜವಳ ಯಾರ ತೊಡೆಯ ಮೇಲೆ ಆಯಿತು? ನಮ್ಮ ಕಡೆ ಅದು ಸೋದರಮಾವನದೇ ತೊಡೆ. ಫೋಟೋ ಇದ್ದರೆ ತೆಗೆದು ತೋರಿಸಿ. ಎಷ್ಟು ಅತ್ತ, ನಿಮ್ಮ ಹೊಸ ಧೋತರದ ಮೇಲೆ ಏನು ಮಾಡಿದ, ಅವ್ವ ಪಕ್ಕದಲ್ಲಿ ಹೇಗೆ ನಗುತ್ತಿದ್ದಳು, ಎಲ್ಲ ಹೇಳಿ. ಅವ್ವನನ್ನು ಆ ಚಿತ್ರದಿಂದ ಕತ್ತರಿಸಬೇಡಿ. ತನ್ನನ್ನು ಎತ್ತಿ ಆಡಿಸಿದವರಿದ್ದರು ಅನ್ನುವುದು ಅವನಿಗೆ ತಿಳಿಯಬೇಕು.

ಹಾಸ್ಟೆಲ್ ಬಗ್ಗೆ: ಈಗ ಬೇಡ. ಒಳ್ಳೆಯ ವಸತಿ ಶಾಲೆಗಳಿವೆ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ಶಾಲೆಗಳಲ್ಲಿ 6ನೇ ತರಗತಿಗೆ ಪರೀಕ್ಷೆ ಬರೆದು ಸೇರಬಹುದು. ಆ ಹೊತ್ತಿಗೆ ಅವನಿಗೇ ಆಸೆ ಇದ್ದರೆ ನೋಡೋಣ. 8 ವರ್ಷಕ್ಕೆ ಕಳಿಸಿದರೆ, ಎಷ್ಟೇ ಒಳ್ಳೆಯ ಜಾಗವಾದರೂ, ಅವನ ಲೆಕ್ಕದಲ್ಲಿ ಅದು ಎರಡನೇ ಸಲ ಬಿಟ್ಟು ಹೋದದ್ದು.

ಕೇಸಿನ ಮಾತು. 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಮಿನಲ್ಲಿ, ಮಗುವಿನ ಹೊಣೆ ಹೊತ್ತವರು ಅದನ್ನು ತೊರೆದರೆ 3 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿ ದಂಡ ಅಥವಾ ಎರಡೂ ಇದೆ. ಹೆತ್ತವರು ಕೈಮೀರಿದ ಪರಿಸ್ಥಿತಿಯಲ್ಲಿ ಬಿಟ್ಟಿದ್ದರೆ ಅದನ್ನು ಬೇಕಂತ ಮಾಡಿದ್ದು ಅಂತ ಎಣಿಸುವುದಿಲ್ಲ ಅಂತಲೂ ಅಲ್ಲೇ ಬರೆದಿದೆ. ನನ್ನ ಅಭಿಪ್ರಾಯ ಕೇಳಿದರೆ, ತಂಗಿಯನ್ನು ಕೋರ್ಟಿಗೆ ಎಳೆಯುವುದರಿಂದ ಹುಡುಗನಿಗೆ ಏನೂ ಸಿಗುವುದಿಲ್ಲ. ಗಂಡ ಬಿಟ್ಟ ಹೆಣ್ಣು, ಕೈಯಲ್ಲಿ ಕಾಸಿಲ್ಲ, ತವರಿನಲ್ಲೂ ಭಾರ. ಅವಳು ಮಾಡಿದ್ದು ಸರಿ ಅನ್ನುತ್ತಿಲ್ಲ. ಮಗುವಿಗೆ ಆದ ಗಾಯ ಗಾಯವೇ. ಆದರೆ ಮೊದಲು ಕೈ ಬಿಟ್ಟವನು ಅವನ ಅಪ್ಪ. ಅವನ ಬಗ್ಗೆ ನಿಮ್ಮ ಪತ್ರದಲ್ಲಿ ಒಂದೇ ಸಾಲು ಇದೆ, ಅವಳ ಬಗ್ಗೆ ಇಡೀ ಪತ್ರ ಇದೆ. ಇದನ್ನೂ ಒಂದು ಸಲ ಯೋಚಿಸಿ.

ಕೇಸಿಗಿಂತ ನಿಮಗೆ ಉಪಯೋಗವಾಗುವ ಕಚೇರಿ ಬೇರೆ. ಬಾಗಲಕೋಟೆಯ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ. ಹೆತ್ತವರಿಲ್ಲದೆ ನೆಂಟರ ಮನೆಯಲ್ಲಿ ಬೆಳೆಯುವ ಮಕ್ಕಳಿಗೆ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಪ್ರಾಯೋಜಕತ್ವ ಅಂತ ತಿಂಗಳಿಗೆ 4,000 ರೂಪಾಯಿ ಸಿಗಬಹುದು. ಮನೆಯ ವರ್ಷದ ಆದಾಯ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ಮೀರಬಾರದು. ಮಂಜೂರು ಮಾಡುವುದು ಸಮಿತಿ. ಹುಡುಗನ ಆಧಾರ್, ಜನನ ಪ್ರಮಾಣಪತ್ರ, ಶಾಲೆಯ ವ್ಯಾಸಂಗ ಪತ್ರ, ನಿಮ್ಮ ಆದಾಯ ಪತ್ರ ಜೊತೆಗಿರಲಿ. ಅಲ್ಲಿಗೆ ಹೋದರೆ ಹುಡುಗನನ್ನು ಬಾಲಮಂದಿರಕ್ಕೆ ಒಯ್ಯುತ್ತಾರೆ ಅಂತ ಬಹಳ ಜನ ಹೆದರುತ್ತಾರೆ. ಕಾಯ್ದೆಯೇ ಸಂಸ್ಥೆಯಲ್ಲಿ ಇಡುವುದು ಕಟ್ಟಕಡೆಯ ದಾರಿ ಅನ್ನುತ್ತದೆ. ನೋಡಿಕೊಳ್ಳುವ ಮನೆ ಇದ್ದರೆ ಮಗು ಮನೆಯಲ್ಲೇ ಇರಬೇಕು. ಇನ್ನು ಶಾಲೆಯ ಕಾಗದಗಳಿಗೆ ಯಾರು ಸಹಿ ಹಾಕಬೇಕು ಅನ್ನುವ ತೊಡಕು ಬಂದರೆ, 2009ರ ಶಿಕ್ಷಣ ಹಕ್ಕು ಕಾಯ್ದೆ ಮಗುವನ್ನು ಇಟ್ಟುಕೊಂಡು ನೋಡಿಕೊಳ್ಳುವವರನ್ನೂ ಪೋಷಕರು ಅಂತಲೇ ಕರೆಯುತ್ತದೆ. ಹಾಗಾಗಿ ನೀವು ಹಾಕಬಹುದು.

ವೈದ್ಯರ ಹತ್ತಿರ ಯಾವಾಗ ಹೋಗಬೇಕು? ರಾತ್ರಿ ಹಾಸಿಗೆ ಒದ್ದೆ ಮಾಡುವುದು ಹೊಸದಾಗಿ ಶುರುವಾದರೆ, ವಾರಗಟ್ಟಲೆ ನಿದ್ದೆ ಊಟ ಕೆಟ್ಟರೆ, ಶಾಲೆಗೆ ಹೋಗುವುದೇ ಇಲ್ಲ ಅಂದರೆ. "ಸಾಯ್ತೀನಿ" ಅನ್ನುವ ಮಾತು ಬಂದರೆ ಒಂದು ದಿನವೂ ತಡ ಮಾಡಬೇಡಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋಚೈತನ್ಯ ಕ್ಲಿನಿಕ್ ನಡೆಸುತ್ತಾರೆ. ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯದ ಆಸ್ಪತ್ರೆ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ನೀವೂ ಮಾಡಬಹುದು, ನಿಮ್ಮ ಮನೆಯಾಕೆಯೂ ಮಾಡಬಹುದು. ಹೇಳಿಕೊಳ್ಳಲು ಅವಳಿಗೂ ಒಂದು ಜಾಗ ಬೇಕು. ಇನ್ನೊಬ್ಬರ ಮಗುವನ್ನು ಸಾಕುವವಳಿಗೆ ಊರು ಹೊಗಳಿಕೆ ಕೊಡುತ್ತದೆ, ಕೈ ಕೊಡುವುದಿಲ್ಲ. ವಾರಕ್ಕೊಂದು ಸಂಜೆ ಎರಡೂ ಮಕ್ಕಳನ್ನು ನೀವೇ ಹೊರಗೆ ಕರೆದುಕೊಂಡು ಹೋಗಿ, ಅವಳು ಸುಮ್ನೆ ಕೂತಿರಲಿ.

ಕೊನೆಗೆ ಪಂಚಮಿ. ಆ ಹಬ್ಬ ಈ ಹುಡುಗನಿಗೆ ಏನು ಅಂತ ಯೋಚಿಸಿದ್ದೀರಾ? ಊರಿನ ಹೆಣ್ಣುಮಕ್ಕಳೆಲ್ಲ ತವರಿಗೆ ಬರುತ್ತಾರೆ. ಓಣಿಯ ಪ್ರತಿ ಮನೆಯ ಮುಂದೆ ಬಸ್ಸಿನಿಂದ ಇಳಿದ ಚೀಲ, ಮಕ್ಕಳ ಗದ್ದಲ. ಅವನ ಅವ್ವ ಬೇರೆ ಊರಿನ ಸೊಸೆಯಲ್ಲ, ಇದೇ ಮನೆಯ ಮಗಳು. ಬರಬೇಕಾದವಳು. ಮೂರು ಪಂಚಮಿ ಅವನು ಕಟ್ಟೆಯ ಮೇಲೆ ಕೂತು ಎಲ್ಲರ ಅವ್ವಂದಿರನ್ನು ನೋಡಿದ್ದಾನೆ.

ಬರುತ್ತೀನಿ ಅಂದರೆ ತಡೆಯಬೇಡಿ. ಆದರೆ ಮೊದಲು ನೀವು ಅವಳ ಜೊತೆ ಫೋನಿನಲ್ಲಿ ತಣ್ಣಗೆ ಮಾತಾಡಿ. ಹಳೆಯ ಲೆಕ್ಕ ಎತ್ತಬೇಡಿ. ಎರಡು ಕರಾರು ಹಾಕಿ. ಒಂದು, ನಡೆಸಲಾಗದ ಮಾತು ಕೊಡಕೂಡದು. "ಮುಂದಿನ ತಿಂಗಳು ಕರ್ಕೊಂಡು ಹೋಗ್ತೀನಿ" ಅನ್ನುವ ಒಂದು ಮಾತು ನೀವು ಮೂರು ವರ್ಷ ಕಟ್ಟಿದ್ದನ್ನು ಕೆಡವುತ್ತದೆ. ಹೊಸ ಗಂಡನಿಗೆ ಹೇಳುವ ಧೈರ್ಯ ಅವಳಿಗೆ ಇನ್ನೂ ಬಂದಿಲ್ಲ ಅಂದರೆ ಸರಿ, ಕರೆದೊಯ್ಯುವ ಮಾತು ಬೇಡ. ತಿಂಗಳಿಗೆ ಒಂದು ಸಲ, ಇಂಥ ದಿನ, ಇಂಥ ಹೊತ್ತಿಗೆ ಫೋನ್ ಮಾಡುತ್ತೇನೆ ಅನ್ನಲಿ. ಅಷ್ಟನ್ನೇ ಅನ್ನಲಿ, ಅಷ್ಟನ್ನು ನಡೆಸಲಿ. ಎರಡು, "ನಿನ್ನ ತಪ್ಪಿನಿಂದ ನಾನು ಹೋಗಿಲ್ಲ" ಅಂತ ಅವಳ ಬಾಯಿಂದಲೇ ಅವನು ಕೇಳಬೇಕು. ನಾವು ನೂರು ಸಲ ಹೇಳುವುದೂ ಅವಳು ಒಂದು ಸಲ ಹೇಳುವುದೂ ಬೇರೆ.

ಹುಡುಗನಿಗೆ ಮುಂಚೆ ಹೇಳಬೇಡಿ. ಅವಳು ಬಸ್ಸು ಹತ್ತಿ ಲೋಕಾಪುರ ದಾಟಿದೆ ಅಂತ ಫೋನ್ ಮಾಡಿದ ಮೇಲೆ ಹೇಳಿ. ಬಂದಾಗ ಅವನು ಓಡಿ ಹೋಗಿ ಅಪ್ಪಿಕೊಳ್ಳದೇ ಇರಬಹುದು. ನಿಮ್ಮ ಹಿಂದೆ ನಿಂತು ಗುರುತಿಲ್ಲದವರಂತೆ ನೋಡಬಹುದು. "ಹೋಗೋ, ನಿಮ್ಮವ್ವ ಬಂದಾಳ" ಅಂತ ಮುಂದೆ ತಳ್ಳಬೇಡಿ. ಅವಳು ಹೋಗುವಾಗ ಅವನು ಮಲಗಿದ್ದಾನೆ ಅಂತ ಕದ್ದು ಹೋಗಬಾರದು, ಎಬ್ಬಿಸಿ ಹೇಳಿ ಹೋಗಲಿ. ಅಳುತ್ತಾನೆ. ಅಳಲಿ. ಅವಳು ಹೋದ ಮೇಲೆ ಹತ್ತು ಹದಿನೈದು ದಿನ ಹಠ, ಸಿಡುಕು, ಡಬ್ಬಿಯಲ್ಲಿ ಮತ್ತೆ ರೊಟ್ಟಿ, ಎಲ್ಲ ಬರುತ್ತವೆ. ಭೇಟಿ ಮಾಡಿಸಿ ತಪ್ಪು ಮಾಡಿದೆವು ಅಂತ ಆಗ ಗಾಬರಿ ಬೀಳಬೇಡಿ.

ಬರದಿದ್ದರೆ? ಅದಕ್ಕೂ ತಯಾರಿರಿ. ಈ ಸಲ ಜೋಕಾಲಿ ಕಟ್ಟುವ ಕೆಲಸ ಅವನಿಗೆ ಕೊಡಿ. ಹಗ್ಗ ಅವನೇ ಆರಿಸಲಿ, ಗಂಟು ನೀವು ಹಾಕಿ, ಜಗ್ಗಿ ನೋಡುವುದು ಅವನ ಪಾಲು. ಆ ದಿನ ನೀವು ಕೂಲಿಗೆ ಹೋಗಬೇಡಿ. ಓಣಿಯಲ್ಲಿ ಯಾರಾದರೂ "ನಿಮ್ಮವ್ವ ಬರಲಿಲ್ಲೇನೋ?" ಅಂತ ಕೇಳಿದಾಗ ಅವನು ತಿರುಗಿ ನೋಡುತ್ತಾನಲ್ಲ, ಆಗ ನೀವು ಅಲ್ಲಿ ಇರಬೇಕು.

ಹಬ್ಬ ಆದ ಮೇಲೆ ಒಂದು ಪತ್ರ ಹಾಕಿ. ಡಬ್ಬಿಯಲ್ಲಿ ಏನಿದೆ ಅಂತಲೂ ಬರೆಯಿರಿ.